ದುಗ್ಗಜ್ಜಿಯ ಇಪ್ಪತ್ತೆರಡು ವರ್ಷ

ಎತ್ತರಪೇಟೆ, ಹನ್ನೊಂದನೆಯ ಅಟ್ಟ
ಎರಡನೆಯ ಆಷಾಢದ ಮೂವತ್ತೇಳನೆಯ ದಿನ
ಕಡಲೇರಿದ ನೂರ ಇಪ್ಪತ್ತನೆಯ ವರ್ಷ

ಪೂಜ್ಯ ಗುಲಾಬಜ್ಜಿಯವರಿಗೆ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳಾದ ವಾರಿಜ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಓದಿ ನಗಬೇಡಿ. ನಿಮ್ಮ ಪಂಚಾಂಗದಲ್ಲಿ ಆಷಾಢ ಒಂದೇ, ಅದಕ್ಕೆ ಮೂವತ್ತೇ ದಿನ ಎಂದು ಬಲ್ಲೆ. ನಮ್ಮಲ್ಲಿ ಮಳೆಗಾಲ ವರ್ಷಕ್ಕೆರಡು ಸಲ ಬರುತ್ತದೆ. ಆದ್ದರಿಂದ ಆಷಾಢವೂ ಎರಡು. ಎರಡನೆಯದು ಮಳೆ ನಿಲ್ಲುವ ತನಕ ಮುಗಿಯುವುದಿಲ್ಲ. ಒಂದು ವರ್ಷ ಅರುವತ್ತೊಂದು ದಿನಕ್ಕೂ ಹೋಗಿತ್ತು. ನಿಮ್ಮ ಕಾಲದ ಕಾಗದಗಳನ್ನು ಓದಿ, ಅವುಗಳ ಧಾಟಿಯಲ್ಲೇ ಬರೆಯಲು ಪ್ರಯತ್ನಿಸುತ್ತಿದ್ದೇನೆ. ಆದರೂ ನಡುವೆ ನಮ್ಮ ಕಾಲದ ಮಾತುಗಳು ನುಸುಳುತ್ತವೆ. ಅವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ಇಂಥ ಪತ್ರಕ್ಕೆ ನಾವು ಹಿಂಬರಹ ಎನ್ನುತ್ತೇವೆ. ಐವತ್ತು ದಾಟಿದವರು ತಾವು ಕಾಣದ ಹಿರಿಯರೊಬ್ಬರಿಗೆ ಒಂದು ಕಾಗದ ಬರೆದು, ಬಾಳೆದಿಂಡಿನ ಮೇಲಿಟ್ಟು ಇಳಿತದ ನೀರಿಗೆ ಬಿಡುವುದು ನಮ್ಮಲ್ಲಿ ಪದ್ಧತಿ. ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನೀವು ಅಮಾವಾಸ್ಯೆಗೆ ಕಾಗೆಗೆ ಎಡೆಯಿಡುವಾಗ ಕೇಳುತ್ತಿದ್ದಿರೇ? ಹೆಚ್ಚಿನವರು ಆಶೀರ್ವಾದ ಬೇಡಿ ಬರೆಯುತ್ತಾರೆ. ನಾನು ದೂರು ಹೇಳಲೆಂದು ಕೂತವಳು. ನಾನು ಹೊಟ್ಟೆಕಿಚ್ಚಿನ ಹೆಂಗಸು ಅಜ್ಜಿ. ಇದನ್ನು ಮೊದಲೇ ಹೇಳಿದರೆ ಮುಂದಿನದು ನಿಮಗೆ ಅರ್ಥವಾಗುವುದು ಸುಲಭ.

ನಿಮ್ಮ ತಂದೆ ತೀರಿಕೊಂಡ ಮೇಲೆ ಅವರ ಜಾಗ ಎರಡು ಪಾಲಾಯಿತು. ನಿಮ್ಮ ಪಾಲಿಗೆ ಅದು ಇನ್ನೂ ಆಗದ ಸಂಗತಿ ಇರಬಹುದು. ಹೆದ್ದಾರಿ ಬದಿಯ ಒಂದೂಕಾಲು ಎಕರೆ ಬಯಲು ಒಂದು ಪಾಲು. ಅದರ ಹಿಂದಿನ ಗೇರುಗುಡ್ಡೆ ಇನ್ನೊಂದು. ಗುಡ್ಡೆಯಲ್ಲಿ ಕಲ್ಲು, ಮುಳ್ಳು, ನಲವತ್ತು ಗೇರುಮರ, ತುದಿಯಲ್ಲೊಂದು ಬಾವಿ, ಅಷ್ಟೆ. ಹಿರಿಯಳೆಂದು ನಿಮ್ಮನ್ನು ಮೊದಲು ಆರಿಸಲು ಹೇಳಿದರು. ನೀವು ಬಯಲು ಹಿಡಿದಿರಿ. ನಿಮ್ಮ ತಂಗಿ ಮೂಕಾಂಬು ಉಳಿದದ್ದನ್ನು ತೆಗೆದುಕೊಂಡು ಗುಡ್ಡ ಹತ್ತಿದರು. ಊರೆಲ್ಲ ನಕ್ಕಿತಂತೆ.

ಆಮೇಲೆ ಕಡಲು ಏರಿತು. ನಿಮ್ಮ ಬಯಲು, ಹೆದ್ದಾರಿ, ಅದರಾಚೆಯ ಶಾಲೆ ಎಲ್ಲ ನೀರಿನಡಿಗೆ ಹೋಗಿ ಗೇರುಗುಡ್ಡೆ ಗೇರುಕುದ್ರು ಆಯಿತು. ಸುತ್ತ ನೀರಿರುವ ನೆಲಕ್ಕೆ ಕುದ್ರು ಎನ್ನುವ ಮಾತು ನಿಮ್ಮಲ್ಲೂ ಇತ್ತಲ್ಲ. ನಿಮ್ಮ ಸಂತಾನದವರು ಗಂಟುಮೂಟೆ ಕಟ್ಟಿಕೊಂಡು ಘಟ್ಟದ ಬುಡಕ್ಕೆ ಬಂದರು. ನಾನಿರುವ ಎತ್ತರಪೇಟೆ ಅಲ್ಲಿದೆ: ಒಂದರ ಮೇಲೊಂದು ಹದಿನಾಲ್ಕು ಅಟ್ಟ, ಒಂದೊಂದರಲ್ಲಿ ಸಾವಿರ ಜನ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮುಚ್ಚುಹೊತ್ತು, ಅಂದರೆ ಬಿಸಿಲಿಗೆ ಯಾರೂ ಹೊರಗೆ ಕಾಲಿಡಕೂಡದು. ನನ್ನ ಅಮ್ಮ ನಲವತ್ತೊಂಬತ್ತಕ್ಕೆ ಹೋದಳು. ಅಣ್ಣ ನಲವತ್ತಾರಕ್ಕೆ. ಗಂಡ ಐವತ್ತೊಂದು ತುಂಬಿದ ವಾರ ಬೆಳಗಿನ ಗಂಜಿ ಉಣ್ಣುತ್ತ ಕೂತಲ್ಲೇ ಒರಗಿದರು. ನಮ್ಮಲ್ಲಿ ಅರುವತ್ತು ಮುಟ್ಟಿದವರ ಮನೆಗೆ ಜನ ಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತಾರೆ. ನನಗೆ ಐವತ್ತಮೂರು.

ಗೇರುಕುದ್ರಿನಲ್ಲಿ ನಾನೂರ ಹನ್ನೆರಡು ಜನರಿದ್ದಾರೆ. ಅವರಲ್ಲಿ ಮೂವತ್ತೊಂದು ಜನ ನೂರು ದಾಟಿದವರು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಕಡಲ ಗಾಳಿ ಎಂದರು, ಒಣಮೀನು ಎಂದರು, ಹುರುಳಿ ಎಂದರು, ಬಾವಿಗೆ ದಿನಕ್ಕೆರಡು ಸಲ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತುವುದರಿಂದ ಎಂದರು. ಪಂಡಿತರು ಬಂದು ಅವರ ರಕ್ತ, ಎಂಜಲು, ಮಣ್ಣು ಎಲ್ಲ ತೆಗೆದುಕೊಂಡು ಹೋದರು. ನಾನೂ ಒಮ್ಮೆ ಅವರ ಬಾವಿಯ ನೀರನ್ನು ಸೀಸೆಯಲ್ಲಿ ಕದ್ದು ತಂದು ಹತ್ತೊಂಬತ್ತು ದಿನ ಕುಡಿದೆ. ಹೊಟ್ಟೆ ಕೆಟ್ಟದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅಲ್ಲಿನವರ ಆಯುಷ್ಯಕ್ಕಿಂತ ಆಯುಷ್ಯದ ಬಗ್ಗೆ ಅವರಿಗಿರುವ ಅಸಡ್ಡೆ ನನ್ನನ್ನು ಹೆಚ್ಚು ಸುಡುತ್ತದೆ. ಎಪ್ಪತ್ತರ ಗಂಡಸು ದೋಣಿ ಕಟ್ಟುವುದನ್ನು ಕಲಿಯಲು ಸೇರುತ್ತಾನೆ. ಅಕ್ಕತಂಗಿಯರು ಜಗಳವಾಡಿ ಮೂವತ್ತು ವರ್ಷ ಮಾತು ಬಿಟ್ಟು, ಆಮೇಲೆ ರಾಜಿಯಾಗಿ ಇನ್ನೂ ನಲವತ್ತು ವರ್ಷ ಜತೆಗೆ ಕೂತು ಎಲೆಯಡಿಕೆ ಹಾಕುತ್ತಾರೆ. ನಾವು ಜಗಳವಾಡಿದರೆ ರಾಜಿಗೆ ಹೊತ್ತಿರುವುದಿಲ್ಲ. ನಾನು ಮತ್ತು ನನ್ನ ಅಣ್ಣ ಹಾಗೇ ಉಳಿದೆವು.

ಹೊರಗಿನವರಿಗೆ ಅಲ್ಲಿ ಮೂರು ಹಗಲು ಮಾತ್ರ ಇರಲು ಅಪ್ಪಣೆ. ನೆಲೆಸಲು ಒಂದೇ ದಾರಿ. ನೂರ ಹತ್ತು ತುಂಬಿದ ಕುದ್ರಿನವರು ಹೊರಗಿನ ನೆಂಟರಲ್ಲಿ ಒಬ್ಬರನ್ನು, ಒಬ್ಬರನ್ನು ಮಾತ್ರ, ತಮ್ಮ ಆಸರೆಗೆಂದು ಕರೆಸಿಕೊಳ್ಳಬಹುದು. ಹಾಗೆ ಹೋದವರಿಗೆ ಊರುಗೋಲು ಎಂದು ಹೆಸರು. ಊರುಗೋಲು ಆದವರು ಆಮೇಲೆ ಅಲ್ಲಿಯವರೇ. ಎಳೆ ವಯಸ್ಸಿಗೆ ಹೋದವರು ಅವರಂತೆಯೇ ಬಾಳುತ್ತಾರೆ. ನಡುವಯಸ್ಸಿಗೆ ಹೋದವರಿಗೂ ಇಪ್ಪತ್ತು ವರ್ಷ ಹೆಚ್ಚು ಸಿಕ್ಕಿದ್ದುಂಟು.

ನನ್ನ ಕೆಲಸಕ್ಕೆ ವಯೋಸಾಕ್ಷಿ ಎನ್ನುತ್ತಾರೆ. ಹುಟ್ಟುಪುಸ್ತಕ, ಮೂಳೆ, ನೆನಪು, ಈ ಮೂರನ್ನೂ ತಾಳೆನೋಡಿ, ಇಂಥವರಿಗೆ ಇಷ್ಟು ವಯಸ್ಸು ಎಂದು ಸಹಿ ಹಾಕುವವಳು ನಾನು. ಎಂಬತ್ತರ ಮೇಲೆ ಮೂಳೆ ಏನೂ ಹೇಳುವುದಿಲ್ಲ. ಪುಸ್ತಕ ಮತ್ತು ನೆನಪು ಎರಡೇ ಉಳಿಯುತ್ತವೆ. ಮೊದಲನೆಯ ಆಷಾಢ ಮುಗಿದ ಮೇಲೆ ನನಗೆ ಒಂದು ಹೆಸರು ಬಂತು: ಗೇರುಕುದ್ರಿನ ದುಗ್ಗಮ್ಮ, ನೂರ ಹತ್ತೊಂಬತ್ತು ವರ್ಷ, ಮೂಕಾಂಬುವಿನ ಮರಿಮಗಳು. ಇನ್ನೂ ಊರುಗೋಲು ಹೆಸರಿಸಿಲ್ಲ.

ಆ ಹೆಸರನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ತಂಗಿಯ ಮರಿಮಗಳು ಇನ್ನೂ ಬದುಕಿದ್ದಾಳೆ. ನಿಮ್ಮ ಮರಿಮಗಳು, ಅಂದರೆ ನನ್ನ ಅಜ್ಜಿ, ನಾನು ಹುಟ್ಟುವ ಮೊದಲೇ ಬೂದಿಯಾಗಿದ್ದಳು. ಕಿಚ್ಚಿನ ಜತೆಗೆ ಆಸೆಯೂ ಎದ್ದಿತು. ರಕ್ತಸಂಬಂಧ ಇದೆ. ಅವಳಿಗೆ ಒಬ್ಬರು ಬೇಕು. ನನ್ನನ್ನು ಕರೆದರೆ?

ದೋಣಿ ಕುದ್ರು ಮುಟ್ಟಿದಾಗ ದುಗ್ಗಜ್ಜಿ ಕೆಳಗಿನ ಕಲ್ಲಿನ ಮೇಲೆ ಬಂಗುಡೆ ಒಣಹಾಕುತ್ತಿದ್ದಳು. ಗಿಡ್ಡ ದೇಹ, ಕಪ್ಪು ಮೈ, ತಲೆಯಲ್ಲಿ ಎಣ್ಣೆ ಹಾಕಿ ಕಟ್ಟಿದ ಬಿಳಿ ತುರುಬು. ನಾನು ಯಾರೆಂದು ಹೇಳಿದೆ. ಅವಳು ಕೈ ಒರೆಸಿಕೊಂಡು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಗುಲಾಬಜ್ಜಿ ಸಂತಾನವಾ, ಹೆಣೆ, ನೀನ್? ಹೌದ್, ಅದೇ ಮೂಗ್. ನಮ್ ಮನಿಯವ್ರ್ ಎಲ್ರಿಗೂ ಇದೇ ಮೂಗ್ ಕಾಣ್. ಬಾ, ಬಾ, ಮೊದ್ಲ್ ಗಂಜಿ ಉಣ್ಣ್. ವಯಸ್ಸ್ ಬರ್ಕಂಬುದ್ ಆಮೇಲಾಯ್ತ್."

ಮೆಟ್ಟಿಲು ಹತ್ತುವಾಗ ನಾನು ಎಪ್ಪತ್ತನೆಯದರಲ್ಲಿ ಒಮ್ಮೆ, ನೂರ ಐವತ್ತರಲ್ಲಿ ಒಮ್ಮೆ ಕೂತೆ. ಅವಳು ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮೇಲೆ ನಿಂತು ಕಾದಳು. ಅವಳಿಗೆ ಏದುಸಿರು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬರಲಿಲ್ಲ. ಮನೆಯಲ್ಲಿ ಕುಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು ಇಟ್ಟಳು. ಮೀನಿನ ಮುಳ್ಳನ್ನು ಹಲ್ಲಿನಿಂದಲೇ ಮುರಿದಳು. ನನ್ನ ಬಾಯಲ್ಲಿ ಸ್ವಂತದ ಹಲ್ಲು ಒಂಬತ್ತು. ನಾನು ಗಂಜಿ ಕುಡಿಯುತ್ತ ಅವಳ ಹಲ್ಲು ಎಣಿಸಿದೆ, ಇಪ್ಪತ್ತಾರು.

ಮೂಕಾಂಬುವಿನ ಬಗ್ಗೆ ಕೇಳಿದೆ. ಆಕೆ ನೂರ ಎಂಟರವರೆಗೆ ಬದುಕಿದ್ದರಂತೆ. ದುಗ್ಗಜ್ಜಿ ಅವರನ್ನು ದೊಡ್ಡಬ್ಬಿ ಎನ್ನುತ್ತಿದ್ದಳು.

"ದೊಡ್ಡಬ್ಬಿ ನಂಗೆ ಹೇಳ್ತಿದ್ದಿತ್. ಮೊದ್ಲ್ ಮೊದ್ಲ್ ಗುಡ್ಡಿ ಮೇಲ್ ಕರೆಂಟೂ ಇಲ್ಲೆ, ದಾರಿಯೂ ಇಲ್ಲೆ. ಹೊತ್ತ್ ಮುಳ್ಗುವತಿಗೆ ಕಲ್ಲಿನ್ ಮೇಲ್ ಕೂಕಂಡ್ ಅಕ್ಕನ್ ಮನಿ ಲೈಟ್ ಕಾಂಬುದಂಬ್ರ್. ಅಕ್ಕನ್ ಮಕ್ಳ್ ಬಸ್ಸಿಗೆ ಶಾಲಿಗ್ ಹೋಪುದ್ ಕಾಂಬುದಂಬ್ರ್. 'ನಂಗೂ ಬಯಲೇ ಬೇಕಿದ್ದಿತ್ ಮಗಾ, ಬಾಯ್ ಬಿಟ್ ಹೇಳ್ಲಿಲ್ಲ. ಆ ಹೊಟ್ಟಿಕಿಚ್ಚಗೇ ನೂರ್ ವರ್ಷ ಬದ್ಕದೆ' ಅಂದ್ ನೆಗ್ಯಾಡುದ್."

ದುಗ್ಗಜ್ಜಿಯೂ ನಗಾಡಿದಳು. ನನಗೆ ನಗು ಬರಲಿಲ್ಲ. ಈ ಕುದ್ರಿನಲ್ಲಿ ಹೊಟ್ಟೆಕಿಚ್ಚೂ ಆಯುಷ್ಯ ಕೊಡುತ್ತದಲ್ಲ, ಅದೇ ಕಿಚ್ಚು ನಮ್ಮ ಅಟ್ಟದಲ್ಲಿ ಹೊಟ್ಟೆಯ ಹುಣ್ಣಾಗುತ್ತದಲ್ಲ ಎಂದು ಇನ್ನಷ್ಟು ಉರಿಯಿತು.

ಎರಡನೆಯ ದಿನ ನೆನಪಿನ ಪರೀಕ್ಷೆ. ಅದನ್ನು ಪ್ರಶ್ನೆಯಂತೆ ಕೇಳಬಾರದು. ಜತೆಗೆ ಕೂತು ಕೆಲಸ ಮಾಡುತ್ತ ಮಾತಿಗೆ ಎಳೆಯಬೇಕು. ಕುದ್ರಿನ ಬುಡದಲ್ಲಿ ಹಳೆಯ ಸೇತುವೆಯ ಎರಡು ಕಂಬ ಇನ್ನೂ ನಿಂತಿವೆ. ಬಯಲು ಮುಳುಗಿದ ಮೇಲೆ ಗುಡ್ಡಕ್ಕೂ ನೆಲಕ್ಕೂ ಕಟ್ಟಿದ ಸೇತುವೆ ಅದು, ತೊಂಬತ್ತನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಕುಸಿಯಿತು. ಆ ದಿನ ನಮ್ಮ ಎಲ್ಲ ಪುಸ್ತಕಗಳಲ್ಲೂ ಇದೆ, ಅದರಲ್ಲಿ ತಪ್ಪುವಂತಿಲ್ಲ. ಕಂಬದ ನೆರಳಿನಲ್ಲಿ ಕೂತು ನಾವು ಬಲೆಯ ಹರುಕು ಹೆಣೆಯುತ್ತಿದ್ದೆವು.

"ಈ ಸಂಕ ಮುರ್ದದ್ ನಾ ಕಂಡಿದೆ," ಎಂದಳು ದುಗ್ಗಜ್ಜಿ. ಸಂಕ ಎಂದರೆ ಸೇತುವೆ, ಅಬ್ಬಿ ಎಂದರೆ ಅಮ್ಮ. "ಅಬ್ಬಿ ಸೊಂಟದ್ ಮೇಲ್ ಕೂಕಂಡಿದ್ದೆ. ಬಾಯಗೆ ಬೆಲ್ಲದ್ ಚೂರ್. ಧಡ್ ಅಂದ್ ಶಬ್ದ ಆಯ್ತ್ ಕಾಣ್, ನಾ ಬಾಯ್ ಬಿಟ್ಟೆ, ಬೆಲ್ಲ ನೀರಿಗ್ ಬಿತ್ತ್. ಎಲ್ರೂ ಸಂಕ ಹೋಯ್ತ್ ಅಂದ್ ಕೂಗಿದ್ರ್. ನಾ ಬೆಲ್ಲ ಹೋಯ್ತ್ ಅಂದ್ ಕೂಗ್ದೆ."

ನಾನು ಲೆಕ್ಕ ಹಾಕಿದೆ. ನೂರ ಹತ್ತೊಂಬತ್ತು ವರ್ಷದವಳಾದರೆ ಸೇತುವೆ ಮುರಿದಾಗ ಅವಳಿಗೆ ಇಪ್ಪತ್ತೈದಾಗಿರಬೇಕು. ಇಪ್ಪತ್ತೈದರ ಹೆಂಗಸು ಅಬ್ಬಿಯ ಸೊಂಟದ ಮೇಲೆ ಕೂರುತ್ತಾಳೆಯೇ?

"ಆಗ ನಿಮಗೆ ಎಷ್ಟು ವರ್ಷವಿರಬಹುದು ಅಜ್ಜಿ?"

"ಮೂರ್ ಇರ್ಕ್. ಕೆಳಗ್ ಇಳ್ದ್ರೆ ಮೀನಿನ್ ಹೆಡ್ಗಿಗೆ ಕೈ ಹಾಕ್ತೆ ಅಂದ್ ಅಬ್ಬಿ ಎತ್ಕಂಡಿದ್ಳ್."

ನಾನು ಇನ್ನೊಂದು ಕೇಳಿದೆ. ನಿಮಗೆ ಅಕ್ಕ ಇದ್ದಳೇ?

"ಇದ್ದಿತಂಬ್ರ್. ಅಬ್ಬಿಗ್ ಮೊದ್ಲ್ನೇದ್. ಹುಟ್ಟಿ ಎಂಟನೇ ದಿನಕ್ಕೇ ಹೋಯ್ತಂಬ್ರ್, ಪಾಪ. ಆಮೇಲ್ ಎಲ್ಲ ಗಂಡ್ ಮಕ್ಳೇ. ಕಡೀಗ್ ನಾ ಹುಟ್ದೆ. ಅದ್ರ್ ಹೆಸ್ರೇ ನಂಗಿಟ್ರ್."

ಅಷ್ಟೆ. ಪುಸ್ತಕದಲ್ಲಿ ಬರೆದಿದ್ದ ದುಗ್ಗ ಎಂಟು ದಿನದ ಕೂಸಾಗಿಯೇ ಸತ್ತಿದ್ದಳು. ಆ ಸಾವನ್ನು ಯಾರೂ ಬರೆಸಿರಲಿಲ್ಲ. ಎರಡನೆಯ ದುಗ್ಗಳ ಹುಟ್ಟನ್ನೂ ಬರೆಸಿರಲಿಲ್ಲ. ಒಂದೇ ಹೆಸರಿನಡಿ ಇಬ್ಬರೂ ಸೇರಿ ಹೋಗಿದ್ದರು. ನನ್ನೆದುರು ಕೂತು ಬಲೆ ಹೆಣೆಯುತ್ತಿದ್ದವಳಿಗೆ ತೊಂಬತ್ತೇಳು. ಸುಳ್ಳು ಹೇಳಿದವಳಲ್ಲ; ತನ್ನದಲ್ಲದ ಇಪ್ಪತ್ತೆರಡು ವರ್ಷವನ್ನು ತನ್ನದೆಂದೇ ನಂಬಿ ಹೊತ್ತುಕೊಂಡು ಬಂದವಳು.

ಅಜ್ಜಿ, ಆ ಸಂಜೆ ನಾನು ಪಟ್ಟ ಸಂತೋಷವನ್ನು ನಿಮ್ಮಿಂದ ಮುಚ್ಚಿಡಲಾರೆ. ಎರಡು ಸಲ ಗಂಜಿ ಬಡಿಸಿಕೊಂಡೆ. ಕಡಲು ನೋಡುತ್ತ ಹಾಡು ಗುನುಗಿದೆ. ಕುದ್ರಿನ ಕಿರೀಟದಂತಿದ್ದವಳು ನೂರೂ ಮುಟ್ಟದವಳು! ಹಾಗಾದರೆ ಉಳಿದವರಲ್ಲಿ ಎಷ್ಟು ಜನ ಹೀಗೇ? ಒಬ್ಬರ ಆಯುಷ್ಯ ಕಡಿಮೆಯೆಂದು ತಿಳಿದರೆ ನನ್ನ ಆಯುಷ್ಯ ಒಂದು ದಿನವೂ ಹೆಚ್ಚುವುದಿಲ್ಲ ಎಂದು ಬಲ್ಲೆ. ಆದರೂ ಹೆಚ್ಚಿದಂತೆಯೇ ಅನಿಸಿತು.

ಆಮೇಲೆ ಹಾಸಿಗೆ ಬಿಡಿಸುವ ಹೊತ್ತಿಗೆ ಬುದ್ಧಿ ತಿಳಿಯಾಯಿತು. ತೊಂಬತ್ತೇಳು ಎಂದು ಬರೆದರೆ ಅವಳಿಗೆ ಊರುಗೋಲು ಕರೆಯುವ ಹಕ್ಕೇ ಇಲ್ಲ. ನನ್ನ ಆಸೆಗೆ ನಾನೇ ಕಲ್ಲು ಹಾಕಿದಂತೆ. ನೂರ ಹತ್ತೊಂಬತ್ತು ಎಂದೇ ಸಹಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಅವಳು ನನ್ನನ್ನು ಕರೆದರೆ ನಾನು ಇಲ್ಲೇ, ಈ ಗಾಳಿಯಲ್ಲೇ. ಸರಿ, ಸುಳ್ಳನ್ನೇ ಬರೆಯುವುದು ಎಂದು ನಿಶ್ಚಯಿಸಿ ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಮೂರನೆಯ ದಿನ ಬೆಳಗ್ಗೆ ನಾನು ಮುಖ ತೊಳೆಯುತ್ತಿದ್ದಾಗ ದುಗ್ಗಜ್ಜಿ ಚೊಂಬು ಹಿಡಿದು ನೀರು ಹಾಕುತ್ತ ಹೇಳಿದಳು:

"ಕೇಣ್, ನಾ ಊರುಗೋಲ್ ಕರೂಕೆ ಮನ್ಸ್ ಮಾಡಿದೆ. ಇಷ್ಟ್ ದಿನ ಬ್ಯಾಡ ಅಂದಿದ್ದೆ. ನಿನ್ ಮೋರಿ ಕಂಡ್ಮೇಲ್ ನಮ್ ಮನಿಯವ್ರೇ ಒಬ್ರ್ ಬರ್ಲಿ ಅಂದ್ ಕಂಡಿತ್."

ನೀರು ನನ್ನ ಬೆರಳಿನ ಸಂದಿಯಿಂದ ಸೋರಿಹೋಯಿತು. ನಾನು ತಲೆ ಎತ್ತಲಿಲ್ಲ.

"ನಿಂಗೊಂದ್ ಮಗ್ಳಿತ್ತಲ್ದಾ, ಎಂತ ಹೆಸ್ರ್ ಅಂದೆ, ಸುಗಂಧಿ. ಇಪ್ಪತ್ನಾಕ್ ವರ್ಷ. ಅದ್ನ ಕಳ್ಸ್. ಸಣ್ಣ್ ಪ್ರಾಯಕ್ ಬಂದ್ರೆ ಇಲ್ಲಿನ್ ನೀರ್ ಗಾಳಿ ಹಿಡೀತ್. ನೂರ್ ವರ್ಷ ಬದ್ಕತ್, ಕಾಣ್ ಬೇಕಾರೆ."

ಯಾವ ತಾಯಿಯಾದರೂ ಅಲ್ಲಿ ಅವಳ ಕಾಲು ಹಿಡಿಯಬೇಕಿತ್ತು. ನಾನು "ಆಗಲಿ" ಎಂದೆ, ಸೆರಗಿನಿಂದ ಮುಖ ಒರೆಸಿಕೊಂಡೆ. ಒರೆಸಿಕೊಳ್ಳುವಾಗಲೇ ನನ್ನೊಳಗೆ ಲೆಕ್ಕ ನಡೆಯಿತು. ಸುಗಂಧಿ ನೂರ ಹತ್ತು ಬದುಕುತ್ತಾಳೆ. ನಾನು ಇನ್ನು ಏಳೆಂಟು ವರ್ಷ. ಅಂದರೆ ಅವಳ ಬಾಳಿನ ಮೊದಲ ಕಾಲುಭಾಗದಲ್ಲಿ ಇದ್ದು ಹೋದ ಒಬ್ಬಳು ನಾನು. ಅವಳಿಗೆ ತೊಂಬತ್ತಾದಾಗ, ಯಾರಾದರೂ ನಿನ್ನ ಅಮ್ಮ ಹೇಗಿದ್ದಳು ಎಂದರೆ, ಯೋಚಿಸಿ ಹೇಳಬೇಕಾದೀತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನನ್ನು ಮರೆಯುವಷ್ಟು ದೀರ್ಘವಾಗಿ ಬಾಳುತ್ತಾಳೆ. ನಾನು ನನ್ನ ಕೈಯಾರೆ ಸುಳ್ಳು ಬರೆದು ಆ ಬಾಳನ್ನು ಅವಳಿಗೆ ಕೊಡಬೇಕು. ಮಗಳ ಮೇಲೆ ಅಸೂಯೆಪಡುವ ತಾಯಿಯನ್ನು ನೀವು ನಿಮ್ಮ ಕಾಲದಲ್ಲಿ ಕಂಡಿದ್ದೀರೋ ಇಲ್ಲವೋ. ಇಲ್ಲದಿದ್ದರೆ ಈ ಪತ್ರದಲ್ಲಿ ಕಂಡಿರಿ.

ಹತ್ತಕ್ಕೆ ಮೊದಲು ಬಾವಿಕಟ್ಟೆಯಲ್ಲಿ ಜನ ಸೇರಿದರು. ವಯೋಸಾಕ್ಷಿ ವಯಸ್ಸನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಆಮೇಲೆ ಸಹಿ. ಕುದ್ರಿನ ಗುರಿಕಾರ, ಅಂದರೆ ಊರಿನ ಮುಖಂಡ, ಶೀನ ಎಂಬವರು, ಎಂಬತ್ತೆಂಟು ವರ್ಷ. ಅವರು ಹುಟ್ಟುಪುಸ್ತಕ ಹಿಡಿದು ನನ್ನ ಪಕ್ಕ ನಿಂತರು. ದುಗ್ಗಜ್ಜಿ ಒಗೆದ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು.

ನಾನು ಬಾಯಿ ತೆರೆಯುವವರೆಗೂ ಏನು ಹೇಳುತ್ತೇನೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು.

"ದುಗ್ಗಮ್ಮ. ತೊಂಬತ್ತೇಳು ವರ್ಷ," ಎಂದು ಓದಿದೆ. ಸೇತುವೆ, ಬೆಲ್ಲ, ಎಂಟು ದಿನದ ಅಕ್ಕ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ನನ್ನ ದನಿ ಸ್ಥಿರವಾಗಿತ್ತು. ಒಳ್ಳೆಯ ಅಧಿಕಾರಿಯ ದನಿ.

ಶೀನ ಗುರಿಕಾರರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದು ಎರಡು ಸಲ ನೋಡಿದರು. ದುಗ್ಗಜ್ಜಿ ತನ್ನ ಅಂಗೈಯನ್ನೇ ದಿಟ್ಟಿಸುತ್ತ ಕೂತಿದ್ದಳು, ಬೆರಳು ಮಡಿಸಿ ಏನೋ ಎಣಿಸುವಂತೆ. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿ ಎಂದೂ ಒಂದು ಗಳಿಗೆ ಅಂದುಕೊಂಡೆ.

"ಹೌದಾ?" ಎಂದಳು. "ಹಂಗಾರ್ ನಂಗ್ ಬರೀ ತೊಂಬತ್ತೇಳಾ?"

"ಹೌದು."

"ಅಯ್ಯೋ ಮಾರಾಯ್ತಿ! ಮತ್ತೆ ನಾ ಸಾಯುಕ್ ತಯಾರಾಯಿ ಕೂಕಂಡದ್ದ್! ಇದ್ದ್ ಸೀರಿ ಎಲ್ಲ ಹಂಚಿದೆ. ಹಲ್ಸಿನ್ ಬೀಜ ನೆಡುದ್ ಎಂತಕ್, ಕಾಯಿ ತಿಂಬುಕ್ ನಾ ಇಪ್ಪುದಾ ಅಂದ್ ಬಿಟ್ಟಿದೆ. ಇಪ್ಪತ್ತೆರ್ಡ್ ವರ್ಷ ಉಳೀತಲೆ!"

ಅವಳು ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಇಪ್ಪತ್ತಾರು ಹಲ್ಲು ಕಾಣುವಂತೆ. ಕಟ್ಟೆಯ ಸುತ್ತಲಿನವರೂ ನಕ್ಕರು. ಶೀನ ಗುರಿಕಾರರು, "ಇಷ್ಟ್ ವರ್ಷ ಅಜ್ಜಿ ಅಂದ್ ಕಾಲಿಗ್ ಬಿದ್ದದ್ದ್ ದಂಡವಾಯ್ತಲೆ, ಇನ್ಮೇಲ್ ಅಕ್ಕ ಅಂದ್ರ್ ಸಾಕ್," ಎಂದರು. ಹಬ್ಬವೇ ಆಗಿಹೋಯಿತು. ಹಂಚಿದ್ದ ಸೀರೆಗಳನ್ನು ನೆರೆಯವರು ಒಂದೊಂದಾಗಿ ತಂದು ಅವಳ ತೊಡೆಯ ಮೇಲಿಟ್ಟರು. ಯಾರೋ ಬೆಲ್ಲ ತಂದು ಎಲ್ಲರ ಬಾಯಿಗೂ ಹಾಕಿದರು. ನನ್ನ ಬಾಯಿಗೂ ಹಾಕಿದರು. ಅವಳಿಂದ ಏನನ್ನು ಕಿತ್ತುಕೊಳ್ಳಲು ಹೊರಟೆನೋ ಅದನ್ನೇ ಅವಳಿಗೆ ಕೊಟ್ಟು ಬಂದೆ ಅಜ್ಜಿ. ಆ ಬೆಲ್ಲವನ್ನು ನುಂಗಲು ನನಗೆ ಬಹಳ ಹೊತ್ತು ಹಿಡಿಯಿತು.

ಸಂಜೆ ಐದರ ದೋಣಿಗೆ ದುಗ್ಗಜ್ಜಿಯೇ ನನ್ನನ್ನು ಬಿಡಲು ಬಂದಳು. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದುಕೊಂಡಳು. ಅವಳ ಆಸರೆಗಲ್ಲ, ನನ್ನ ಆಸರೆಗೆ.

"ಬೇಜಾರ್ ಮಾಡ್ಕಂಬ್ಯಾಡ. ಸುಗಂಧಿನ ಈಗ್ ಕರೂಕಾತಿಲ್ಲೆ, ಅಷ್ಟೇ ಅಲ್ದಾ? ಹದ್ಮೂರ್ ವರ್ಷ ಕಳೂಲಿ. ನೂರಾ ಹತ್ತ್ ಆತ್ತಲೆ, ಆಗ್ಳಿಕೆ ಕರೀತೆ."

ಹದಿಮೂರು ವರ್ಷವನ್ನು ಅವಳು ಮುಂದಿನ ಶನಿವಾರ ಎನ್ನುವಂತೆ ಹೇಳಿದಳು. ಹದಿಮೂರು ವರ್ಷಕ್ಕೆ ಸುಗಂಧಿಗೆ ಮೂವತ್ತೇಳಾಗುತ್ತದೆ. ಆ ಹೊತ್ತಿಗೆ ಎತ್ತರಪೇಟೆಯ ಗಾಳಿ ಅವಳ ಎದೆಯೊಳಗೆ ಎಷ್ಟು ಕೂತಿರುತ್ತದೋ. ನಾನಂತೂ ಇರುವುದಿಲ್ಲ. ದೋಣಿಯ ಹಲಗೆಯ ಮೇಲೆ ಕಾಲಿಟ್ಟೆ. ಅವಳು ನನ್ನ ಕೈ ಬಿಡಲಿಲ್ಲ. ಮುಖವನ್ನು ಮೊದಲ ದಿನ ನೋಡಿದಂತೆಯೇ ನೋಡಿದಳು.

"ಹೆಣೆ, ನಿಂಗೇ ಬಪ್ಪುಕ್ ಮನ್ಸಿದ್ದಿತಾ?"

ಹೌದೆಂದು ತಲೆಯಾಡಿಸಿದೆ.

"ಕೇಣ್ಲೇ ಇಲ್ಲ ಅಲ್ದಾ!" ಎಂದಳು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಮೂರ್ ದಿನ ನನ್ನೊಟ್ಟಿಗ್ ಉಂಡೆ, ಒಂದ್ ಮಾತ್ ಕೇಣ್ಕಲ್ದಾ? ಕೇಂಡಿದ್ರ್ ನಿನ್ ಹೆಸ್ರೇ ಹೇಳ್ತಿದ್ದೆ. ನಿನ್ ಮಗ್ಳ್ ಮೋರಿ ನಾ ಕಂಡವ್ಳಾ? ನೀ ತಾಯಿ, ಮಗ್ಳಿಗ್ ಅಂದ್ರ್ ಖುಷಿ ಆತ್ತ್ ಅಂದ್ ಹೇಳಿದ್ದ್."

ದೋಣಿ ಹೊರಟಿತು. ಅವಳು ನಿಂತು ನೋಡುತ್ತಾ ಇರಲಿಲ್ಲ. ಹಲಸಿನ ಬೀಜ ಕೇಳಲು ಪಕ್ಕದ ಮನೆಯವರನ್ನು ಕೂಗುತ್ತ ಮೆಟ್ಟಿಲು ಹತ್ತಿದಳು.

ನಾಲ್ಕು ದಿನ ಸುಗಂಧಿಗೆ ಏನೂ ಹೇಳಲಿಲ್ಲ. ಅವಳು ಗಾಳಿಮನೆಯಲ್ಲಿ ಕೆಲಸ ಮಾಡುತ್ತಾಳೆ. ಎದೆಯ ರೋಗದವರನ್ನು ದಿನಕ್ಕೊಂದು ಗಳಿಗೆ ತಂಪುಗಾಳಿಯಲ್ಲಿ ಮಲಗಿಸುವ ಜಾಗ ಅದು. ದಿನಾ ಯಾರಾದರೊಬ್ಬರ ಕಣ್ಣು ಮುಚ್ಚಿ ಮನೆಗೆ ಬರುವ ಹುಡುಗಿ. ಐದನೆಯ ದಿನ ಅವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ನಿಮಗೆ ಬರೆದಷ್ಟೇ ಬಿಚ್ಚಿ ಹೇಳಿದೆ. ಅವಳ ಕೈ ನಿಂತಿತು, ಮತ್ತೆ ತಿಕ್ಕಿತು.

"ನೀ ಓದಿದ್ದ್ ಸತ್ಯ ಹೌದ್ ಅಮ್ಮ," ಎಂದಳು. "ಆದ್ರೆ ಅದ್ ಸತ್ಯ ಅಂಬು ಕಾರಣಕ್ ಓದ್ಲಿಲ್ಲ."

ಎಣ್ಣೆಯ ಬಟ್ಟಲು ಒಳಗಿಟ್ಟು ಕೈ ತೊಳೆದಳು. ಅಂದಿನಿಂದ ನಲವತ್ತಮೂರು ದಿನವಾಯಿತು. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ನನ್ನ ಔಷಧ ತರುತ್ತಾಳೆ, ಮಾತು ಮಾತ್ರ ಇಲ್ಲ. ರಾಜಿಗೆ ಮೂವತ್ತು ವರ್ಷ ಕಾಯುವ ಊರು ನಮ್ಮದಲ್ಲ ಎಂದು ಅವಳಿಗೆ ಹೇಳಬೇಕು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಈ ಕಾಗದ ಮುಗಿದ ಮೇಲೆ, ಬೆಳಗ್ಗೆ ಅವಳು ಹೊರಡುವ ಮೊದಲು, ಬಾಗಿಲಿಗೆ ಅಡ್ಡ ನಿಂತಾದರೂ ಕ್ಷಮೆ ಕೇಳುತ್ತೇನೆ.

ಗುಲಾಬಜ್ಜಿ, ಗುಡ್ಡವನ್ನೇ ಹಿಡಿಯಿರಿ ಎಂದು ನಿಮಗೆ ಆಜ್ಞೆ ಮಾಡಲು ಈ ಪತ್ರ ಶುರುಮಾಡಿದೆ. ಆ ಆಸೆ ಈಗಲೂ ಹೋಗಿಲ್ಲ. ಹೋಯಿತೆಂದು ಬರೆದು ದೊಡ್ಡವಳಾಗಲು ನನಗೆ ಬರುವುದಿಲ್ಲ. ಆದರೆ ನಿಮ್ಮ ಅಂಗಳದಲ್ಲಿ ಪಾಲಿನ ಮಾತು ಬಂದು, ಹಿರಿಯರೆಲ್ಲ ನಿಮ್ಮ ಮುಖ ನೋಡಿ, ಗುಲಾಬಿ ನೀನು ಆರಿಸು ಎಂದಾಗ, ಒಂದು ಗಳಿಗೆ ತಡೆಯಿರಿ. ಮೂಕಾಂಬು ಅಲ್ಲೆಲ್ಲೋ ಕಂಬದ ಮರೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ. ಅವರಾಗಿ ಬಾಯಿ ಬಿಡುವವರಲ್ಲ. ನಮ್ಮ ಮನೆತನದಲ್ಲಿ ಯಾರೂ ಬಾಯಿ ಬಿಟ್ಟು ಕೇಳಿದವರಲ್ಲ. ಪಕ್ಕದ ಎಲೆ ನೋಡುತ್ತ ಉಣ್ಣುವವರು ನಾವು. ನೀವೇ ಅವರ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ಕೇಳಿ: "ತಂಗಿ, ನಿಂಗ್ ಯಾವ್ದ್ ಬೇಕ್?"

ಅವರು ಬಯಲು ಎನ್ನುತ್ತಾರೆ. ಕೊಟ್ಟುಬಿಡಿ.

ಇತಿ, ನಿಮ್ಮನ್ನು ಕಾಣದೆ ನಿಮ್ಮ ಮೂಗು ಹೊತ್ತು ತಿರುಗುವ,
ವಾರಿಜ